ದುಡಿದವರ ಕಥೆ ದುಡಿದವರೇ ಬರೆಯಲಿ: ನೋಟ್‌ಬುಕ್ಕಿನಿಂದ ಪುಸ್ತಕದವರೆಗೆ

ನಮ್ಮ ಡಿಟಿಪಿ ಅಂಗಡಿಗೆ ಒಮ್ಮೆ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಬಂದರು. ಕೈಯಲ್ಲಿ ಇನ್ನೂರು ಪುಟದ ಮೂರು ನೋಟ್‌ಬುಕ್ಕು, ಸುತ್ತ ರಬ್ಬರ್ ಬ್ಯಾಂಡು. "ನನ್ನ ಜೀವನ ಚರಿತ್ರೆ ಬರ್ದಿದ್ದೀನಿ ಕಣಪ್ಪಾ, ಪುಸ್ತಕ ಮಾಡ್ಕೊಡು" ಅಂದರು. ರಾತ್ರಿ ಕೂತು ಓದಿದೆ. ದುಡಿಮೆಯೇ ದೇವರು, ತಾಯಿಯ ಋಣ ತೀರದು, ಸಮಾಜ ಹೀಗಿರಬೇಕು, ಹಾಗಿರಬೇಕು. ಒಳ್ಳೆಯ ಮಾತುಗಳೇ. ಆದರೆ ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತವರ ಬರಹದಲ್ಲಿ ಬಸ್ಸೇ ಇರಲಿಲ್ಲ.

ಮಾರನೇ ದಿನ ಒಂದೇ ಪ್ರಶ್ನೆ ಕೇಳಿದೆ. "ಸರ್, ನೈಟ್ ಹಾಲ್ಟ್ ಊರಲ್ಲಿ ಕಲೆಕ್ಷನ್ ದುಡ್ಡು ಎಲ್ಲಿಟ್ಕೊಂಡು ಮಲಗ್ತಿದ್ರಿ?"

"ಅದನ್ನೇನು ಬರೆಯೋದಪ್ಪಾ, ದಿನಾ ಮಾಡಿದ್ದೇ ಅಲ್ವಾ?" ಅಂದರು. ಆಮೇಲೆ ಒಂದು ಗಂಟೆ ಹೇಳಿದರು. ಬ್ಯಾಗನ್ನು ತಲೆಯಡಿಗೆ ಇಟ್ಟು, ಅದರ ಪಟ್ಟಿಯನ್ನು ಮೊಣಕೈಗೆ ಎರಡು ಸುತ್ತು ಸುತ್ತಿಕೊಂಡು ಮಲಗುತ್ತಿದ್ದರಂತೆ. ಚಿಲ್ಲರೆ ಜಾಸ್ತಿ ಇದ್ದ ದಿನ ಕಿವಿ ನೋಯುತ್ತಿತ್ತಂತೆ. ಸಂತೆ ದಿನ ಅಂತ ಬೆಳಿಗ್ಗೆ ಕಿವಿಯ ಮೇಲಿನ ಗುರುತು ನೋಡಿಯೇ ಡ್ರೈವರ್ ಹೇಳುತ್ತಿದ್ದನಂತೆ.

ಪುಸ್ತಕ ಶುರುವಾಗಿದ್ದು ಅಲ್ಲಿಂದ. ಎರಡು ನೋಟ್‌ಬುಕ್ ಪಕ್ಕಕ್ಕಿಟ್ಟು ಅವರು ಮತ್ತೆ ಬರೆದರು. ಆಮೇಲೆ ಇಂಥ ಹಲವರ ಪುಸ್ತಕಕ್ಕೆ ನಾನು ಅಕ್ಷರ ಜೋಡಿಸಿದ್ದೇನೆ, ಕರಡು ತಿದ್ದಿದ್ದೇನೆ, ಪ್ರೆಸ್ಸಿಗೆ ಅಲೆದಿದ್ದೇನೆ. ಅದರಿಂದ ಕಲಿತದ್ದೆಲ್ಲ ಇಲ್ಲಿದೆ.

ಮೊದಲು ಕೆಲಸವನ್ನು ಬರೆಯಿರಿ

"ನಾನು ಇಂಥ ಊರಲ್ಲಿ, ಇಂಥ ಇಸವಿಯಲ್ಲಿ ಹುಟ್ಟಿದೆ" ಎಂದು ಶುರು ಮಾಡಬೇಡಿ. ಹುಟ್ಟಿದ್ದು ಆಮೇಲೆ ಬರಲಿ. ನಿಮ್ಮ ದುಡಿಮೆಯ ಒಂದೇ ಒಂದು ದಿನವನ್ನು, ಎದ್ದ ಹೊತ್ತಿನಿಂದ ಮಲಗುವವರೆಗೆ ಬರೆಯಿರಿ. ವಿಶೇಷ ದಿನವೇ ಆಗಬೇಕಿಲ್ಲ. ಸುಮ್ನೆ ಒಂದು ಮಂಗಳವಾರ ಆದರೂ ಸಾಕು.

ಇದಕ್ಕೊಂದು ಕಾರಣವಿದೆ. ತಾಯಿಪ್ರೀತಿ, ಬಡತನ, ಹಬ್ಬದ ಖುಷಿಯ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಗಾರ್ಮೆಂಟ್ ಫ್ಯಾಕ್ಟರಿಯ ಲೈನಿನಲ್ಲಿ ಕಾಲರ್ ಹೊಲಿಯುವಾಗ ಸೂಜಿ ಬೆರಳಿಗೆ ಹೊಕ್ಕರೆ ಮೊದಲು ಯಾರನ್ನು ಕರೆಯುತ್ತಾರೆ, ಬಟ್ಟೆಗೆ ರಕ್ತ ತಾಗಿದರೆ ಏನಾಗುತ್ತದೆ, ಆ ಗಂಟೆಯ ಟಾರ್ಗೆಟ್ ಯಾರು ತುಂಬುತ್ತಾರೆ ಅನ್ನುವುದು ಆ ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಗೊತ್ತು. ಅದನ್ನು ನೀವು ಬರೆಯದಿದ್ದರೆ ಬೇರೆ ಯಾರೂ ಬರೆಯಲಾರರು.

ಮನೋರಂಜನ್ ಬ್ಯಾಪಾರಿ ಎಂಬ ಬಂಗಾಳಿ ಲೇಖಕರ ಹೆಸರು ನೀವು ಕೇಳಿರಬಹುದು. ಓದು ಕಲಿತದ್ದು ಜೈಲಿನಲ್ಲಿ. ಆಮೇಲೆ ಕೋಲ್ಕತ್ತದಲ್ಲಿ ಸೈಕಲ್ ರಿಕ್ಷಾ ತುಳಿಯುತ್ತಿದ್ದರು. ಒಂದು ದಿನ ರಿಕ್ಷಾ ಹತ್ತಿದ ಹೆಂಗಸಿಗೆ, ಪುಸ್ತಕದಲ್ಲಿ ಕಂಡ ಒಂದು ಕಷ್ಟದ ಪದದ ಅರ್ಥ ಕೇಳಿದರು. ಆಕೆ ಬಂಗಾಳದ ಹೆಸರಾಂತ ಲೇಖಕಿ ಮಹಾಶ್ವೇತಾ ದೇವಿ. ತಮ್ಮ 'ಬರ್ತಿಕಾ' ಪತ್ರಿಕೆಗೆ ಬರೆಯಲು ಅವರಿಗೆ ಹೇಳಿದರು. 1981ರಲ್ಲಿ ಅಚ್ಚಾದ ಆ ಮೊದಲ ಬರಹ ಇದ್ದದ್ದು ರಿಕ್ಷಾ ತುಳಿಯುವುದರ ಬಗ್ಗೆಯೇ.

ಪೆನ್ನು ಓಡದಿದ್ದರೆ ಈ ಪ್ರಶ್ನೆಗಳನ್ನು ಇಟ್ಟುಕೊಳ್ಳಿ:

- ಕೆಲಸ ಕಲಿಸಿದ್ದು ಯಾರು? ಮೊದಲ ವಾರ ಏನು ಕೆಡಿಸಿದಿರಿ?
- ನಿಮ್ಮ ಉಪಕರಣ ಯಾವುದು? ಅದರ ಹಿಡಿ ಎಲ್ಲಿ ಸವೆದಿತ್ತು?
- ಸಂಜೆ ಮೈಯಲ್ಲಿ ಮೊದಲು ನೋಯುವ ಜಾಗ ಯಾವುದು?
- ಮೊದಲ ಸಂಬಳ ಎಷ್ಟು? ಅದರಲ್ಲಿ ಏನು ಕೊಂಡಿರಿ?
- ಊಟದ ಡಬ್ಬಿಯಲ್ಲಿ ಏನಿರುತ್ತಿತ್ತು? ಯಾರ ಜೊತೆ ಹಂಚಿಕೊಂಡು ತಿಂದಿರಿ, ಯಾರು ಬೇರೆ ಕೂತು ತಿಂದರು?
- ಮೇಸ್ತ್ರಿಗೆ ಕಾಣದಂತೆ ಮಾಡುತ್ತಿದ್ದ ಕೆಲಸ ಯಾವುದು?

ಕೊನೆಯ ಎರಡು ಪ್ರಶ್ನೆಗೆ ಉತ್ತರ ಬರೆದವರು ಹತ್ತು ಪುಟಕ್ಕಿಂತ ಕಮ್ಮಿ ಬರೆದದ್ದನ್ನು ನಾನು ನೋಡಿಲ್ಲ. ಜಾತಿ, ಸಲಿಗೆ, ಭಯ ಎಲ್ಲ ಅಲ್ಲೇ ಹೊರಗೆ ಬರುತ್ತವೆ.

ದಿನಕ್ಕೆ ಅರ್ಧ ಗಂಟೆ ಸಾಕು. ಒಂದೂವರೆ ಪುಟ ಆದರೆ ನೂರು ದಿನಕ್ಕೆ ನೂರೈವತ್ತು ಪುಟ. ಹಾಳೆಯ ಒಂದೇ ಮಗ್ಗುಲಿಗೆ ಬರೆಯಿರಿ, ಇನ್ನೊಂದು ಮಗ್ಗುಲು ಖಾಲಿ ಇರಲಿ. ಆಮೇಲೆ ನೆನಪಾದದ್ದನ್ನು ಸೇರಿಸಲು ಆ ಜಾಗ ಬೇಕೇ ಬೇಕು.

ಇಸವಿ ಮರೆತಿದ್ದರೆ

"ಯಾವ ವರ್ಷ ಅಂತ ನೆನಪಿಲ್ಲ" ಎಂದು ಬಹಳ ಜನ ಬರೆಯುವುದನ್ನೇ ಬಿಡುತ್ತಾರೆ. ಬಿಡಬೇಡಿ. ಊರಿಗೆಲ್ಲ ಗೊತ್ತಿರುವ ಒಂದು ತಾರೀಖನ್ನು ಗೂಟ ಮಾಡಿಕೊಂಡು ನಿಮ್ಮ ನೆನಪನ್ನು ಅದಕ್ಕೆ ಕಟ್ಟಿ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1. ಇಂದಿರಾ ಗಾಂಧಿ ಹತ್ಯೆ 1984ರ ಅಕ್ಟೋಬರ್ 31. ಡಾ. ರಾಜ್‌ಕುಮಾರ್ ಅಪಹರಣ 2000ದ ಜುಲೈ 30, ಬಿಡುಗಡೆಗೆ 108 ದಿನ. ನೋಟು ರದ್ದಾದದ್ದು 2016ರ ನವೆಂಬರ್ 8. "ಅಣ್ಣಾವ್ರನ್ನ ಕರ್ಕೊಂಡು ಹೋದಾಗ ನಾನು ಇನ್ನೂ ಹೆಲ್ಪರ್" ಎಂದು ನೆನಪಾದರೆ ನಿಮ್ಮ ಇಸವಿ ಸಿಕ್ಕಿತು.

ದುಡಿಯುವವರದ್ದೇ ಆದ ತಾರೀಖುಗಳೂ ಇವೆ. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರ 1980ರ ಡಿಸೆಂಬರಿನಲ್ಲಿ ಶುರುವಾಗಿ 77 ದಿನ ನಡೆಯಿತು. ಕೆಜಿಎಫ್ ಚಿನ್ನದ ಗಣಿ ಬಾಗಿಲು ಹಾಕಿದ್ದು 2001ರ ಫೆಬ್ರವರಿ 28. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬದಲಾಯಿಸಿದ್ದಕ್ಕೆ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ಆ ಗುಂಪಿನಲ್ಲಿ ನೀವಿದ್ದಿರಾ? ಹಾಗಾದರೆ ಪೇಪರಿನಲ್ಲಿ ಬಂದದ್ದನ್ನು ಮತ್ತೆ ಬರೆಯಬೇಡಿ. ಮೊದಲು ಮಿಷನ್ ಆಫ್ ಮಾಡಿದ್ದು ಯಾರು, ಗೇಟಿನ ಹೊರಗೆ ನಿಂತಾಗ ಏನನ್ನಿಸಿತು, ಮನೆಗೆ ಹೇಗೆ ಹೋದಿರಿ ಅನ್ನುವುದನ್ನು ಬರೆಯಿರಿ.

ಟ್ರಂಕಿನ ತಳದಲ್ಲಿರುವ ಕಾಗದ ಹೊರಗೆ ತೆಗೆಯಿರಿ. ಸಂಬಳದ ಚೀಟಿ, ಇಎಸ್ಐ ಕಾರ್ಡು, ಸಂಘದ ರಸೀದಿ, ಮೆಮೊ, ಗ್ರೂಪ್ ಫೋಟೊ. ಮೆಮೊ ಸಿಕ್ಕರಂತೂ ಅದೇ ಒಂದು ಅಧ್ಯಾಯ. ಆಮೇಲೆ ಹಳೆಯ ಜೊತೆಗಾರರೊಬ್ಬರ ಮನೆಗೆ ಹೋಗಿ ಕೂತು ಮಾತಾಡಿ. ಒಂದೇ ಘಟನೆ ಇಬ್ಬರಿಗೆ ಎರಡು ಥರ ನೆನಪಿದ್ದರೆ, ಇಬ್ಬರದ್ದನ್ನೂ ಬರೆದು "ಅವನು ಹೀಗೆನ್ನುತ್ತಾನೆ" ಎಂದು ಬಿಡಿ. ಓದುವವರಿಗೆ ನಿಮ್ಮ ಮೇಲೆ ನಂಬಿಕೆ ಜಾಸ್ತಿಯಾಗುತ್ತದೆ.

ಬರೆಯಲು ಬಾರದಿದ್ದರೆ, ಅಥವಾ ಕೈ ಓಡದಿದ್ದರೆ

ಶಾಲೆ ಕಡಿಮೆ ಎನ್ನುವುದು ಅಡ್ಡಿಯಲ್ಲ. ಬೇಬಿ ಹಾಲ್ದಾರ್ ಗುರುಗ್ರಾಮದಲ್ಲಿ ಮನೆಕೆಲಸ ಮಾಡುತ್ತಿದ್ದವರು. ಮಕ್ಕಳನ್ನು ಒಬ್ಬರೇ ಸಾಕುತ್ತಿದ್ದರು. ಕಪಾಟಿನ ಧೂಳು ಒರೆಸುವಾಗ ಪುಸ್ತಕದ ಮುಂದೆ ನಿಂತುಬಿಡುತ್ತಿದ್ದರು. ಅದನ್ನು ಕಂಡ ಮನೆಯ ಯಜಮಾನರು, ನಿವೃತ್ತ ಪ್ರಾಧ್ಯಾಪಕರು, ಒಂದು ನೋಟ್‌ಬುಕ್ಕು ಮತ್ತು ಪೆನ್ನು ಕೊಟ್ಟು ನಿನ್ನ ಕಥೆ ಬರಿ ಎಂದರು. ಕೆಲಸ ಮುಗಿಸಿ, ಮಕ್ಕಳು ಮಲಗಿದ ಮೇಲೆ ಬಂಗಾಳಿಯಲ್ಲಿ ಬರೆದರು. 2002ರಲ್ಲಿ ಅದು ಮೊದಲು ಹಿಂದಿಯಲ್ಲಿ ಬಂತು, 2006ರಲ್ಲಿ ಇಂಗ್ಲಿಷಿನಲ್ಲೂ ಬಂತು.

ಅಕ್ಷರವೇ ಕಲಿತಿಲ್ಲ ಅಂದರೂ ದಾರಿ ಇದೆ. ಹೇಳಿ ಬರೆಸುವುದು ಕನ್ನಡಕ್ಕೆ ಹೊಸದಲ್ಲ. ರಂಗಭೂಮಿಯ, ಯಕ್ಷಗಾನದ ಎಷ್ಟೋ ಹಿರಿಯರ ಆತ್ಮಕಥೆಗಳು 'ನಿರೂಪಣೆ' ಎಂಬ ಹೆಸರಿನಲ್ಲೇ ಬಂದಿವೆ. ಮಂಜಮ್ಮ ಜೋಗತಿ ಅವರ ಆತ್ಮಕಥೆಯೂ ಹಾಗೆ ಬಂದದ್ದು. ಅವರು ಹೇಳಿದ್ದನ್ನು ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ್ದಾರೆ.

ಮಗನೋ ಮೊಮ್ಮಗಳೋ ಫೋನಿನಲ್ಲಿ ರೆಕಾರ್ಡ್ ಮಾಡಲಿ. ಒಂದು ಸಲಕ್ಕೆ ನಲವತ್ತು ನಿಮಿಷ ಸಾಕು. ಫ್ಯಾನ್ ಆಫ್ ಮಾಡಿ, ಅಡುಗೆಮನೆಯಿಂದ ದೂರ ಕೂತುಕೊಳ್ಳಿ. ಫೋನನ್ನು ಮಡಿಸಿದ ಟವೆಲ್ ಮೇಲೆ ಇಟ್ಟರೆ ಸದ್ದು ಕಮ್ಮಿ. ಕೈ ಸುಮ್ಮನಿದ್ದರೆ ಮಾತು ಬರುವುದಿಲ್ಲ ಎನ್ನುವವರಿಗೆ ಕೈಗೆ ಕೆಲಸ ಕೊಡಿ. ನಮ್ಮ ಪಕ್ಕದ ಬೀದಿಯ ಒಬ್ಬ ಅಜ್ಜಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಮೈಕಿನ ಮುಂದೆ ಕೂತರೆ "ಏನುಂಟು ಮಗಾ ಹೇಳ್ಲಿಕ್ಕೆ" ಎಂದು ಸುಮ್ಮನಾಗುತ್ತಿದ್ದರು. ಮೊಮ್ಮಗಳು ಕತ್ತರಿ, ಎಲೆ, ನೂಲು ತಂದು ಮಡಿಲಿನ ತಟ್ಟೆಯಲ್ಲಿಟ್ಟಳು. ಎಲೆ ಕತ್ತರಿಸುತ್ತಾ ಕತ್ತರಿಸುತ್ತಾ, ನಿಮ್ಮ ಬೀಡಿ ಸರಿಯಿಲ್ಲ ಎಂದು ಕಂಟ್ರಾಕ್ಟರ್ ಕಟ್ಟುಗಟ್ಟಲೆ ಎಸೆದ ದಿನ ಮನೆಗೆ ಅಕ್ಕಿ ಹೇಗೆ ತಂದೆ ಎಂಬ ಕಥೆ ಹೊರಗೆ ಬಂತು.

ಕನ್ನಡದಲ್ಲಿ ಮಾತಾಡಿದ್ದನ್ನು ಅಕ್ಷರ ಮಾಡುವ ಸೌಲಭ್ಯ ಈಗ ಜಿಬೋರ್ಡ್ ಕೀಲಿಮಣೆಯಲ್ಲೇ ಇದೆ. ಕೆಲಸ ಬೇಗ ಆಗುತ್ತದೆ. ಆದರೆ ಊರಮಾತನ್ನು ಅದು ತಪ್ಪು ಕೇಳಿಸಿಕೊಳ್ಳುತ್ತದೆ. ಹಾಗಾಗಿ ಮೂಲ ರೆಕಾರ್ಡಿಂಗ್ ಅಳಿಸಬೇಡಿ.

ಹೇಳಿ ಬರೆಸುವಾಗ ಒಂದು ಎಚ್ಚರ ಬೇಕು. ಕೇರಳದ ನಳಿನಿ ಜಮೀಲಾ, ಲೈಂಗಿಕ ಕಾರ್ಯಕರ್ತೆ, ತಮ್ಮ ಆತ್ಮಕಥೆಯನ್ನು ಇನ್ನೊಬ್ಬರ ನೆರವಿನಿಂದ ಬರೆಸಿ 2005ರಲ್ಲಿ ಪ್ರಕಟಿಸಿದರು. ಪುಸ್ತಕ ಚೆನ್ನಾಗಿ ಮಾರಾಟವಾಯಿತು. ಆದರೆ ಅದು ತನ್ನ ದನಿಯಲ್ಲಿಲ್ಲ ಎಂದು ಅವರಿಗೆ ಅನ್ನಿಸಿತು. ಸ್ವಲ್ಪ ಸಮಯದಲ್ಲೇ ತಿದ್ದಿ ಬರೆದ ಇನ್ನೊಂದು ಆವೃತ್ತಿ ತಂದರು. ನಿಮಗೆ ಹಾಗಾಗಬಾರದು ಅಂದರೆ ಶುರುವಿನಲ್ಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಪ್ರತಿ ಅಧ್ಯಾಯವನ್ನೂ ಹೇಳಿದವರಿಗೆ ಓದಿ ಹೇಳಬೇಕು. ಅವರು ಬೇಡವೆಂದದ್ದು ಹೋಗಬೇಕು. ಮುಖಪುಟದಲ್ಲಿ ದೊಡ್ಡ ಹೆಸರು ಹೇಳಿದವರದ್ದು, 'ನಿರೂಪಣೆ' ಎಂದು ಕೆಳಗೆ ಬರೆದವರದ್ದು. ಹಣ ಬಂದರೆ ಯಾರಿಗೆಷ್ಟು, ಹಕ್ಕು ಯಾರದ್ದು, ಅದೂ ಅಲ್ಲೇ ಇರಲಿ. ಮನೆಯವರೇ ಬರೆದುಕೊಟ್ಟರೂ ಈ ಹಾಳೆ ಬೇಕು.

ನಿಮ್ಮ ಮಾತು ನಿಮ್ಮ ಮಾತಾಗಿಯೇ ಇರಲಿ

ನಮ್ಮ ಕಂಡಕ್ಟರ್ ಮೊದಲ ನೋಟ್‌ಬುಕ್ಕಿನಲ್ಲಿ 'ವಾಹನ ಸಂಚಾರ', 'ಪ್ರಯಾಣಿಕ ಮಹಾಶಯರು' ಎಂದೆಲ್ಲ ಬರೆದಿದ್ದರು. ಎರಡನೇ ಸಲ ಬರೆಯುವಾಗ 'ಟ್ರಿಪ್ಪು', 'ಸ್ಟೇಜು', 'ವೇ ಬಿಲ್ಲು' ಬಂದವು. ಅವು ಬಂದ ಕೂಡಲೇ ಬಸ್ಸು ಹೊರಟಿತು.

ಕೆಲಸದ ಮಾತುಗಳನ್ನು ಅನುವಾದ ಮಾಡಬೇಡಿ. ಓದುವವರಿಗೆ ಗೊತ್ತಾಗಲಿಕ್ಕಿಲ್ಲ ಅನಿಸಿದರೆ ಮೊದಲ ಸಲ ಬಂದಾಗ ಅರ್ಧ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. "ವೇ ಬಿಲ್ಲು, ಅಂದರೆ ಎಲ್ಲಿಂದೆಲ್ಲಿಗೆ ಎಷ್ಟು ಟಿಕೆಟ್ ಹರಿದೆ ಅನ್ನೋ ಲೆಕ್ಕದ ಹಾಳೆ" ಎಂದರೆ ಸಾಕು. ಮನೆಯಲ್ಲಿ ತುಳು, ಉರ್ದು, ತೆಲುಗು, ತಮಿಳು, ಲಂಬಾಣಿ ಮಾತಾಡುವವರು ಜನರ ಮಾತನ್ನು ಆಯಾ ಭಾಷೆಯಲ್ಲೇ ಕನ್ನಡ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಕನ್ನಡ ಕೊಡಬಹುದು. ಅಮ್ಮ ಬೈದದ್ದು ಅಮ್ಮನ ಭಾಷೆಯಲ್ಲೇ ಇರಲಿ.

ಬೇರೆಯವರ ಹೆಸರು ಬಂದಾಗ

ನಿಮ್ಮ ಬದುಕಿನಲ್ಲಿ ಬೇರೆಯವರ ಬದುಕೂ ಇದೆ. ಸುಳ್ಳು ಆರೋಪ ಹೊರಿಸಿ ಒಬ್ಬರ ಮರ್ಯಾದೆ ಕಳೆದರೆ ಅದು ಮಾನನಷ್ಟ. ಹಿಂದೆ ಐಪಿಸಿ 499ನೇ ಕಲಂ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯಕ್ಕೆ ಅದರಲ್ಲಿ ವಿನಾಯಿತಿ ಇದೆ. ಆದರೆ ಕೋರ್ಟಿನಲ್ಲಿ ಸತ್ಯ ತೋರಿಸಲು ಕಾಗದ ಬೇಕು, ಸಾಕ್ಷಿ ಬೇಕು, ಅಲೆಯುವ ಶಕ್ತಿ ಬೇಕು. ಹಾಗಾಗಿ ಹೊಡೆದ ಸೂಪರ್‌ವೈಸರ್ ಬಗ್ಗೆ ಬರೆಯಿರಿ, ಹೆಸರು ಬದಲಾಯಿಸಿ. ಹೆಸರೊಂದೇ ಬದಲಾಯಿಸಿ ಉಳಿದ ಗುರುತೆಲ್ಲ ಬಿಟ್ಟರೆ ಪ್ರಯೋಜನವಿಲ್ಲ. ಊರು, ಹುದ್ದೆ, ಮೈಕಟ್ಟು ಕೂಡ ಬದಲಾಗಲಿ. "ಕೆಲವರ ಹೆಸರು, ಗುರುತು ಬದಲಾಯಿಸಿದ್ದೇನೆ" ಎಂದು ಮುನ್ನುಡಿಯಲ್ಲಿ ಒಂದು ಸಾಲು ಹಾಕಿ. ಅತ್ಯಾಚಾರಕ್ಕೆ ಒಳಗಾದವರ ಗುರುತು ತಿಳಿಯುವಂತೆ ಬರೆಯುವುದು ಬೇರೆಯೇ ಅಪರಾಧ. ಅದನ್ನು ಮಾಡಲೇಬೇಡಿ.

ಮನೆಯವರ ವಿಷಯ ಇದಕ್ಕಿಂತ ಕಷ್ಟ. ಗಂಡ ಕುಡಿಯುತ್ತಿದ್ದದ್ದು, ಮಗಳು ಶಾಲೆ ಬಿಟ್ಟದ್ದು. ಬರೆಯುವ ಹಕ್ಕು ನಿಮಗಿದೆ. ಆದರೆ ಅಚ್ಚಿಗೆ ಕಳಿಸುವ ಮೊದಲು ಆ ಪುಟಗಳನ್ನು ಅವರಿಗೆ ಓದಿಸಿ. ಬಿಡುಗಡೆಯ ದಿನ ಮೊದಲ ಸಲ ಓದುವಂತೆ ಆಗಬಾರದು.

ಗಟ್ಟಿಯಾಗಿ ಓದಿಸಿ

1972ರಲ್ಲಿ ಇಂಗ್ಲೆಂಡಿನ ಬ್ರೈಟನ್ ಊರಿನಲ್ಲಿ ಒಂದು ಬಡಾವಣೆಯ ಜನ ಸೇರಿ ಕ್ವೀನ್‌ಸ್ಪಾರ್ಕ್ ಎಂಬ ಬೀದಿಪತ್ರಿಕೆ ಮಾಡಿದರು. 1974ರಿಂದ ಪುಸ್ತಕಗಳೂ ಬಂದವು. ಮೊದಲನೆಯದು ಅದೇ ಊರಿನ ಹಿರಿಯರೊಬ್ಬರ ಬಾಲ್ಯದ ನೆನಪು. 1976ಕ್ಕೆ ಇಂಥ ಗುಂಪುಗಳ ಒಕ್ಕೂಟವೇ ಆ ದೇಶದಲ್ಲಿ ಹುಟ್ಟಿತು. ಅಲ್ಲಿ ಬರೆಯುವವರು ಒಟ್ಟಿಗೆ ಕೂತು, ಒಬ್ಬರದ್ದನ್ನೊಬ್ಬರು ಕೇಳಿ, ಪುಸ್ತಕ ಮಾಡಿದರು. ಅದನ್ನು ನಾವೂ ಮಾಡಬಹುದು. ಸಂಘದ ಆಫೀಸಿನಲ್ಲಿ, ಸ್ತ್ರೀಶಕ್ತಿ ಗುಂಪಿನಲ್ಲಿ, ಯಾರದಾದರೂ ಜಗಲಿಯಲ್ಲಿ ತಿಂಗಳಿಗೆ ಎರಡು ಭಾನುವಾರ ನಾಲ್ಕು ಜನ ಸೇರಿದರೆ ಸಾಕು. ಒಬ್ಬರು ಓದಬೇಕು, ಉಳಿದವರು "ಆಮೇಲೇನಾಯ್ತು?" ಎಂದು ಕೇಳಬೇಕು. ಆ ಪ್ರಶ್ನೆ ಬಂದ ಕಡೆಯೆಲ್ಲ ಇನ್ನಷ್ಟು ಬರೆಯಿರಿ. ಕೇಳುವವರು ಫೋನು ನೋಡಿದ ಕಡೆ ಒಂದು ಪ್ಯಾರಾ ತೆಗೆಯಿರಿ.

ಅಧ್ಯಾಯಗಳನ್ನು ಜೋಡಿಸುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಒಂದೊಂದು ಅಧ್ಯಾಯದ ಹೆಸರನ್ನು ಒಂದೊಂದು ಚೀಟಿಯಲ್ಲಿ ಬರೆದು ನೆಲದ ಮೇಲೆ ಹರಡಿ. ಅತ್ತಿತ್ತ ಸರಿಸುತ್ತಾ ಹೋದರೆ ಕ್ರಮ ತಾನೇ ಸಿಗುತ್ತದೆ.

ಅಕ್ಷರ ಜೋಡಣೆ ಮತ್ತು ಕರಡು

ಇದು ನನ್ನ ಕೆಲಸ. ನನ್ನಿಂದ ಆದ ತಪ್ಪನ್ನೂ ಹೇಳುತ್ತೇನೆ.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರು, ಫೋನಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ಬದಲಾಯಿಸುವಾಗ, ಅಥವಾ ಯೂನಿಕೋಡನ್ನು ಹಿಂದಕ್ಕೆ ತರುವಾಗ, ಕೆಲವು ಅಕ್ಷರ ಜಾಗ ಬಿಟ್ಟು ಓಡುತ್ತವೆ. ಅರ್ಕಾವತ್ತು ಎಲ್ಲಕ್ಕಿಂತ ಮೊದಲು. ಒಬ್ಬ ಹಿರಿಯ ಮಿಲ್ ಕೆಲಸಗಾರರ ಪುಸ್ತಕದಲ್ಲಿ ಹಾಗಾಯಿತು. 'ಕಾರ್ಮಿಕ' ಎಂದು ಇರಬೇಕಾದದ್ದು ಹದಿನೇಳು ಕಡೆ 'ಕಾಮಿರ್ಕ' ಎಂದು ಅಚ್ಚಾಯಿತು. ನಾನು ಪರದೆಯ ಮೇಲೆ ಮಾತ್ರ ನೋಡಿದ್ದೆ, ಪ್ರಿಂಟ್ ತೆಗೆದು ನೋಡಿರಲಿಲ್ಲ. ಐನೂರು ಪ್ರತಿ ಬೈಂಡ್ ಆಗಿ ಬಂದಿತ್ತು. ಅವರು ಒಂದು ಮಾತೂ ಆಡಲಿಲ್ಲ. ಒಂದು ವಾರ ಕೂತು ಪ್ರತಿ ಪುಸ್ತಕದಲ್ಲೂ ಪೆನ್ನಿನಿಂದ ತಿದ್ದಿದರು. ಅವರ ಪಕ್ಕದಲ್ಲಿ ನಾನೂ ಕೂತು ತಿದ್ದಿದೆ.

ಆದ್ದರಿಂದ ಟೈಪ್ ಮಾಡಿಸುವಾಗಲೇ ಯೂನಿಕೋಡ್ ಇರಲಿ ಎಂದು ಕೇಳಿ. ಪುಟ ವಿನ್ಯಾಸ ಆದ ಮೇಲೆ ಪೂರ್ತಿ ಪುಸ್ತಕವನ್ನು ಕಾಗದದ ಮೇಲೆ ಪ್ರಿಂಟ್ ತೆಗೆಸಿ. ಮೂರು ಸಲ ಕರಡು ನೋಡಬೇಕು. ಒಂದು ಸಲ ನೀವು, ಒಂದು ಸಲ ನಿಮ್ಮ ಕೆಲಸ ಗೊತ್ತಿರುವ ಜೊತೆಗಾರರು, ಒಂದು ಸಲ ಕನ್ನಡ ಚೆನ್ನಾಗಿ ಬಲ್ಲ ಮೇಷ್ಟ್ರು. ಮೇಷ್ಟ್ರಿಗೆ ಕೊಡುವಾಗ ಜೊತೆಗೊಂದು ಚೀಟಿ ಕೊಡಿ. ಅದರಲ್ಲಿ 'ತಿದ್ದಬಾರದ ಮಾತುಗಳು' ಎಂದು ಬರೆದು, ನಿಮ್ಮ ಕೆಲಸದ, ಕೇರಿಯ, ಮನೆಯ ಪದಗಳ ಪಟ್ಟಿ ಇರಲಿ. ಇಲ್ಲದಿದ್ದರೆ ಒಳ್ಳೆಯ ಮನಸ್ಸಿನಿಂದಲೇ ಎಲ್ಲವನ್ನೂ ಶುದ್ಧ ಮಾಡಿಬಿಡುತ್ತಾರೆ. ಜನರ ಹೆಸರುಗಳನ್ನು ಕೊನೆಯಲ್ಲಿ ಇನ್ನೊಮ್ಮೆ, ಬೇರೆಯಾಗಿ ನೋಡಿ. ಅಮ್ಮನ ಹೆಸರು ತಪ್ಪಾಗಿ ಅಚ್ಚಾದರೆ ಆ ನೋವು ಹೋಗುವುದಿಲ್ಲ.

ಪ್ರಕಾಶಕರೋ, ಸ್ವಂತವೋ

ಪ್ರಕಾಶಕರು ಸಿಕ್ಕರೆ ಒಳ್ಳೆಯದೇ. ಆದರೆ ಸಹಿ ಹಾಕುವ ಮೊದಲು ಕಾಗದ ಓದಿ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ಬರೆದುಕೊಡುವುದು ಬರಹದಲ್ಲೇ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದೇ ಲೆಕ್ಕ. 'ಶಾಶ್ವತವಾಗಿ' ಎಂಬ ಮಾತಿದ್ದರೆ ಹೊಡೆದುಹಾಕಿಸಿ. ನಿಮ್ಮ ಬರಹದ ಹಕ್ಕು ನೀವಿರುವವರೆಗೆ, ಆಮೇಲೆ 60 ವರ್ಷ ನಿಮ್ಮ ಮನೆಯವರಿಗೆ. ಅದಕ್ಕೆ ನೋಂದಣಿ ಕಡ್ಡಾಯವಲ್ಲ, ಬರೆದ ಕ್ಷಣವೇ ಹಕ್ಕು ಹುಟ್ಟುತ್ತದೆ. "ಹಣ ಕೊಡಿ, ನಾವೇ ಪ್ರಸಿದ್ಧಿ ಮಾಡ್ತೀವಿ" ಎನ್ನುವವರ ಹತ್ತಿರ ಎಷ್ಟು ಪ್ರತಿ ಅಚ್ಚು ಹಾಕುತ್ತೀರಿ, ಎಷ್ಟು ನನ್ನ ಕೈಗೆ ಕೊಡುತ್ತೀರಿ ಎಂದು ಬರೆಸಿಕೊಳ್ಳಿ.

ಸ್ವಂತ ಮಾಡುವುದಾದರೆ ಹೀಗೆ. ಡೆಮಿ 1/8 ಅಳತೆ ನಮ್ಮಲ್ಲಿ ರೂಢಿ, ಐದೂವರೆಗೆ ಎಂಟೂವರೆ ಇಂಚು. ಒಂದು ಪುಟಕ್ಕೆ ಸುಮಾರು 220 ಪದ ಹಿಡಿಯುತ್ತದೆ. ಅಚ್ಚು 16 ಪುಟದ ಫಾರಂ ಲೆಕ್ಕದಲ್ಲಿ ಆಗುವುದರಿಂದ 96, 112, 128 ಹೀಗೆ ಪುಟ ನಿಲ್ಲಿಸಿದರೆ ಕಾಗದ ಹಾಳಾಗುವುದಿಲ್ಲ. ಒಳಪುಟಕ್ಕೆ 70 ಜಿಎಸ್ಎಂ (ಕಾಗದದ ದಪ್ಪ ಹೇಳುವ ತೂಕದ ಅಳತೆ) ಮ್ಯಾಪ್‌ಲಿಥೋ ಕಾಗದ, ಮುಖಪುಟಕ್ಕೆ 300 ಜಿಎಸ್ಎಂ ಆರ್ಟ್ ಬೋರ್ಡ್ ಸಾಕು. ವಯಸ್ಸಾದ ಜೊತೆಗಾರರು ಓದುವ ಪುಸ್ತಕ ಅಲ್ವಾ, ಅಕ್ಷರ ಸ್ವಲ್ಪ ದೊಡ್ಡದಿರಲಿ. ಆಫ್‌ಸೆಟ್ ಅಚ್ಚಿನಲ್ಲಿ ಪ್ಲೇಟಿನ, ಅಂದರೆ ಪುಟ ಮೂಡಿಸುವ ತಗಡಿನ, ಖರ್ಚು ನೂರು ಪ್ರತಿಗೂ ಸಾವಿರಕ್ಕೂ ಒಂದೇ. ಹಾಗಾಗಿ ನೂರಿನ್ನೂರು ಪ್ರತಿ ಸಾಕೆಂದರೆ ಡಿಜಿಟಲ್ ಪ್ರಿಂಟ್ ಮಾಡಿಸಿ. ಮೂರು ಪ್ರೆಸ್ಸಿನಲ್ಲಿ ರೇಟು ಕೇಳಿ. ಅಚ್ಚಿಗೆ ಮೊದಲು ಒಂದು ಮಾದರಿ ಪ್ರತಿ ಕೈಗೆ ಬರಲೇಬೇಕು ಎಂದು ಹಟ ಮಾಡಿ.

ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸುವ ಸಂಖ್ಯೆ, ಪುಕ್ಕಟೆ. ರಾಜಾ ರಾಮ್‌ಮೋಹನ್ ರಾಯ್ ರಾಷ್ಟ್ರೀಯ ಸಂಸ್ಥೆಯ ಜಾಲತಾಣದಲ್ಲಿ ಲೇಖಕರೇ ಅರ್ಜಿ ಹಾಕಬಹುದು. ಅದಕ್ಕೆ ಸಾವಿರಾರು ರೂಪಾಯಿ ಕೇಳಿದರೆ ಕೊಡಬೇಡಿ. ನಿಮಗೆ 35 ತುಂಬಿಲ್ಲದಿದ್ದರೆ, ಇದು ಮೊದಲ ಪುಸ್ತಕವಾಗಿದ್ದರೆ, ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನಕ್ಕೆ ಅರ್ಜಿ ಕರೆದಾಗ ಹಾಕಿ.

ಪುಸ್ತಕ ಜನರ ಕೈಗೆ

ಅಂಗಡಿಯವರು ಬೆಲೆಯ ಮೂರನೇ ಒಂದು ಭಾಗದಿಂದ ಶೇ 40ರವರೆಗೆ ಕಮಿಷನ್ ತಗೊಳ್ಳುತ್ತಾರೆ. ಅದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಂಡು ಬೆಲೆ ಹಾಕಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೂ ಅರ್ಜಿ ಹಾಕಬಹುದು. ಆದರೆ ಆ ಹಣವನ್ನು ನಂಬಿ ಸಾಲ ಮಾಡಬೇಡಿ, ಬರುವುದು ತಡ.

ನಿಮ್ಮ ನಿಜವಾದ ಓದುಗರು ನಿಮ್ಮ ಜೊತೆ ದುಡಿದವರು. ನಮ್ಮ ಕಂಡಕ್ಟರ್ ಪುಸ್ತಕದ ಬಿಡುಗಡೆಗೆ ಸಭಾಂಗಣ ಹಿಡಿಯಲಿಲ್ಲ. ಡಿಪೋ ಎದುರಿನ ಹೋಟೆಲಿನಲ್ಲಿ, ಶಿಫ್ಟ್ ಬದಲಾಗುವ ಹೊತ್ತಿಗೆ, ಎರಡು ಟೇಬಲ್ ಜೋಡಿಸಿದರು. ಆ ಕಿವಿಯ ಗುರುತು ನೋಡುತ್ತಿದ್ದ ಡ್ರೈವರೇ ಬಿಡುಗಡೆ ಮಾಡಿದ. ಖಾಕಿಯಲ್ಲೇ ಬಂದವರು ನಿಂತುಕೊಂಡೇ ಪುಟ ತಿರುವಿ ತಮ್ಮ ರೂಟು ಹುಡುಕಿದರು. ಎಂಬತ್ತು ಪ್ರತಿ ಅಲ್ಲೇ ಹೋಯಿತು. ಒಬ್ಬರು ಚಿಲ್ಲರೆ ಇಲ್ಲದೆ ನಿಂತಾಗ, ಬಾಕಿಯನ್ನು ಪುಸ್ತಕದ ಹಿಂದೆ ಪೆನ್ನಿನಲ್ಲಿ ಬರೆದುಕೊಟ್ಟರು, ಟಿಕೆಟ್ಟಿನ ಹಿಂದೆ ಬರೆಯುತ್ತಿದ್ದ ಹಾಗೆಯೇ.

ಎಲ್ಲ ಪ್ರತಿ ಮಾರಬೇಡಿ. ಇಪ್ಪತ್ತು ತೆಗೆದಿಡಿ. 1954ರ ಪುಸ್ತಕ ಸಲ್ಲಿಕೆ ಕಾಯ್ದೆ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈನ ಕನ್ನಿಮರಾ ಗ್ರಂಥಾಲಯಕ್ಕೆ, ಜೊತೆಗೆ ಮುಂಬೈ ಮತ್ತು ದೆಹಲಿಯ ಗೊತ್ತಾದ ಗ್ರಂಥಾಲಯಗಳಿಗೆ ಪ್ರತಿ ಕಳಿಸಬೇಕು. ನೀವೇ ಪ್ರಕಾಶಕರಾದರೆ ಅದು ನಿಮ್ಮ ಕೆಲಸ. ಊರಿನ ಲೈಬ್ರರಿಗೆ ಎರಡು, ನೀವು ಓದಿದ ಶಾಲೆಗೆ ಒಂದು, ಸಂಘದ ಆಫೀಸಿಗೆ ಒಂದು ಕೊಡಿ. ಡಿಟಿಪಿಯವರಿಂದ ಪಿಡಿಎಫ್ ಮಾತ್ರ ಅಲ್ಲ, ತಿದ್ದಲು ಬರುವ ಮೂಲ ಫೈಲನ್ನೂ ಕೇಳಿ ಪಡೆಯಿರಿ. ಮಗಳ ಇಮೇಲಿಗೊಂದು, ಪೆನ್‌ಡ್ರೈವಿಗೊಂದು ಹಾಕಿಸಿ. ಎರಡನೇ ಮುದ್ರಣಕ್ಕೆ ಅದು ಬೇಕು.